ಧರಣಿ ಕೂತವರು ಯಾರ ಜೊತೆ ಮಾತಾಡುತ್ತಾರೆ?

ನಂದಗಡಕ್ಕೆ ಮೊದಲ ಸಲ ಹೋದವರ ಕಣ್ಣಿಗೆ ಬೀಳುವುದು ಆಲದ ಮರಕ್ಕೆ ಕಟ್ಟಿದ ಪುಟ್ಟ ತೊಟ್ಟಿಲುಗಳು. ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಬಂಡೆದ್ದ ಸಂಗೊಳ್ಳಿ ರಾಯಣ್ಣನ ಸಮಾಧಿ ಇರುವ ಜಾಗ ಅದು. 1831ರ ಜನವರಿ 26ರಂದು ಕಂಪನಿ ಸರಕಾರ ಅವನನ್ನು ಈ ಊರಿನ ಹೊರಗೆ ಗಲ್ಲಿಗೇರಿಸಿತು. ಸಮಾಧಿಯ ಬಳಿ ಆಲದ ಸಸಿ ನೆಟ್ಟವನು ಅವನ ಸಂಗಡಿಗ ಬಿಚ್ಚುಗತ್ತಿ ಚನ್ನಬಸಪ್ಪ ಎಂದು ಜನ ಹೇಳುತ್ತಾರೆ. ಮಕ್ಕಳಾಗಲಿ ಎಂದು ಬೇಡಿಕೊಂಡವರು ಆ ಮರಕ್ಕೆ ತೊಟ್ಟಿಲು ಕಟ್ಟುತ್ತಾರೆ. ಅದೇ ಮರದ ಕೆಳಗೆ ಹಸಿರು ಶಾಲಿನವರೂ ಹಳದಿ-ಕೆಂಪು ಬಾವುಟದವರೂ ಪಕ್ಷದ ಧುರೀಣರೂ ಬಂದು ಹಾರ ಹಾಕಿ ಘೋಷಣೆ ಕೂಗುತ್ತಾರೆ. ಹರಕೆಯವರಿಗೂ ಹೋರಾಟದವರಿಗೂ ಒಂದೇ ಜಾಗ ಯಾಕೆ ಬೇಕು ಎಂಬ ಪ್ರಶ್ನೆ ನಿಮಗೆ ಹುಟ್ಟಿದರೆ ಪಾಠ ಶುರುವಾಯಿತು ಎಂದುಕೊಳ್ಳಿ.

ಚಳವಳಿಗೆ ಹೊಸಬರಾದ ಕಾಲೇಜು ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಚಳವಳಿ ಸರಿಯೋ ತಪ್ಪೋ ಎಂದು ತೀರ್ಪು ಕೊಡುವ ಕೆಲಸ ಇಲ್ಲಿ ಬೇಡ. ಹೋರಾಟದ ಗುಂಪುಗಳು ಜನರ ಮನಸ್ಸನ್ನು ಹೇಗೆ ಒಲಿಸಿಕೊಳ್ಳುತ್ತವೆ, ಯಾವಾಗ ಆ ಒಲವನ್ನು ಕಳೆದುಕೊಳ್ಳುತ್ತವೆ ಎಂಬುದನ್ನಷ್ಟೇ, ಹೆಚ್ಚಾಗಿ ಬೆಳಗಾವಿ-ಖಾನಾಪುರ ಸೀಮೆಯ ಉದಾಹರಣೆಗಳನ್ನಿಟ್ಟು ನೋಡೋಣ.

ಮೊದಲು ರಾಯಣ್ಣನಿಂದಲೇ. 1829ರ ಫೆಬ್ರವರಿಯಲ್ಲಿ ರಾಣಿ ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ಮೇಲೆ ಕಿತ್ತೂರಿನ ಕತೆ ಮುಗಿಯಿತು ಎಂದೇ ಕಂಪನಿಯವರು ತಿಳಿದಿದ್ದರು. ರಾಯಣ್ಣ ಕಿತ್ತೂರಿನ ದತ್ತುಪುತ್ರನ ಹೆಸರಿನಲ್ಲಿ ಜನರನ್ನು ಕೂಡಿಸಿದ. 1830ರ ಜನವರಿಯಲ್ಲಿ ಅವನ ದಂಡು ಖಾನಾಪುರ ತಾಲ್ಲೂಕಿನ ಬೀಡಿಯ ಸರಕಾರಿ ಕಚೇರಿಗೆ ಬೆಂಕಿ ಇಟ್ಟಿತು. ಸುಟ್ಟದ್ದು ಎಂಥ ಕಚೇರಿ ಎಂಬುದನ್ನು ಗಮನಿಸಿ. ಯಾರ ಹೊಲ ಯಾರದು, ಯಾರ ಇನಾಮು ರದ್ದು, ಯಾರು ಎಷ್ಟು ಕಂದಾಯ ಕೊಡಬೇಕು ಎಂದು ಬರೆದಿಟ್ಟ ಕಾಗದಗಳು ಇರುತ್ತಿದ್ದುದು ಅಂಥ ಕಚೇರಿಗಳಲ್ಲಿ. ಹೊಲ ಕಳಕೊಂಡ ರೈತನಿಗೆ ಅಲ್ಲಿ ಬೆಂಕಿ ಕಂಡಾಗ ಯಾರೂ ಭಾಷಣ ಮಾಡಿ ಅರ್ಥ ಹೇಳಬೇಕಾಗಿರಲಿಲ್ಲ. ಅದು ಯುದ್ಧ, ಇಂದಿನ ಚಳವಳಿಗೆ ಮಾದರಿಯಾಗಿ ಅದನ್ನು ಮುಂದಿಡುತ್ತಿಲ್ಲ. ಆದರೆ ಗುರಿಯನ್ನು ಆಯುವ ಜಾಣತನ ಇಂದಿಗೂ ಹಾಗೇ ಇದೆ: ಎಲ್ಲಿ ಹೋಗಿ ನಿಂತರೆ ನಮ್ಮ ದೂರು ತಾನಾಗಿಯೇ ತಿಳಿಯುತ್ತದೆಯೋ ಅಲ್ಲಿ ನಿಲ್ಲಬೇಕು.

ಕಂಪನಿಗೂ ಒಂದು ಸಂದೇಶ ಕೊಡುವುದಿತ್ತು. ಬಂಡೆದ್ದವರಿಗೆ ಏನಾಗುತ್ತದೆ ನೋಡಿ ಎಂದು ಸುತ್ತಲಿನ ಹಳ್ಳಿಗಳಿಗೆ ತೋರಿಸುವುದೂ ಬಹಿರಂಗ ಗಲ್ಲಿನ ಒಂದು ಉದ್ದೇಶವೇ. ಆ ಸಂದೇಶ ತಿರುಗುಮುರುಗಾಯಿತು. ಲಾವಣಿ, ಗೀಗೀ ಪದದವರು ಆ ಸಾವನ್ನು ಊರೂರಿಗೆ ಹೊತ್ತರು. ಹುಟ್ಟಿದ್ದು ಆಗಸ್ಟ್ 15, ಹುತಾತ್ಮನಾದದ್ದು ಜನವರಿ 26 ಎಂದು ಈಗಲೂ ಪ್ರತಿ ಭಾಷಣದಲ್ಲೂ ಹೇಳುತ್ತಾರೆ. ಇತಿಹಾಸದಲ್ಲಿ ಕಾಕತಾಳೀಯವಾದದ್ದು ವೇದಿಕೆಯ ಮೇಲೆ ದೊಡ್ಡ ಬಲವಾಗುತ್ತದೆ. ನಂದಗಡದಲ್ಲಿ ಹಾರ ಹಾಕಿ ಹೊರಟ ಗುಂಪು, ತನ್ನ ಬೇಡಿಕೆ ಕಬ್ಬಿನ ದರದ್ದೇ ಆಗಿರಲಿ, ಮೀಸಲಾತಿಯದ್ದೇ ಆಗಿರಲಿ, ಆ ಸಾವಿನ ತೂಕವನ್ನು ಸ್ವಲ್ಪ ತನ್ನ ಕಡೆಗೆ ಎಳಕೊಳ್ಳುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ತಹಸೀಲ್ದಾರ ಕಚೇರಿ ಎದುರು ಟೆಂಟ್ ಹಾಕಿ ಧರಣಿ ಕೂತವರು ತಹಸೀಲ್ದಾರರ ಜೊತೆ ಮಾತಾಡುತ್ತಿದ್ದಾರೆ ಎಂದು ಹೊಸಬರಿಗೆ ಅನಿಸುತ್ತದೆ. ತಹಸೀಲ್ದಾರರಿಗೆ ವಿಷಯ ಮೊದಲೇ ಗೊತ್ತು, ಮನವಿ ಪತ್ರ ಅವರ ಮೇಜಿನ ಮೇಲೆ ತಿಂಗಳಿಂದ ಬಿದ್ದಿದೆ. ಧರಣಿಯ ಮಾತು ಹೋಗುವುದು ಎದುರಿನ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುವ ಮೂರನೆಯವರಿಗೆ. ಆ ಮೂರನೆಯವರು ವಿರೋಧಿಗಳಲ್ಲ, ಬೆಂಬಲಿಗರೂ ಅಲ್ಲ, ಸಂತೆಗೆ ಹೊರಟವರು. ಅವರಲ್ಲಿ ಅರ್ಧ ಜನ 'ಪಾಪ, ಇವರು ಹೇಳೋದ್ರಾಗ ಖರೇ ಐತಿ' ಅಂದ ದಿನ ತಹಸೀಲ್ದಾರರ ಮೇಜಿನ ಕಾಗದ ಮೇಲೆ ಹೋಗುತ್ತದೆ. ಅವರೇ 'ದಿನಾ ಇದೇ ಗೋಳು, ಬಸ್ ತಡ ಆತು' ಅಂದರೆ ಕಾಗದ ಅಲ್ಲೇ ಇರುತ್ತದೆ. ಇನ್ನೊಂದು ಕಿವಿಯೂ ಇದೆ: ಧರಣಿ ಕೂತವರದ್ದೇ. ಹತ್ತನೇ ದಿನ ಮನೆಗೆ ಹೋಗಿಬಿಡೋಣ ಎಂದು ಅವರಿಗೂ ಅನಿಸುತ್ತದೆ. ಭಜನೆ, ಹೋರಾಟದ ಹಾಡು, ಟೆಂಟಿನಲ್ಲೇ ಅಡುಗೆ, ದಿನಕ್ಕೊಂದು ಊರಿನವರ ಪಾಳಿ ಎಲ್ಲ ಒಳಗಿನವರನ್ನು ಹಿಡಿದಿಡುವ ಉಪಾಯಗಳು. ಹೊರಗಿನವರಿಗೆ ಇವು ಹಬ್ಬದಂತೆ ಕಾಣುತ್ತವೆ, ಕೆಲವು ಪತ್ರಕರ್ತರು ಅದನ್ನೇ ಬರೆದು ಗೇಲಿ ಮಾಡುವುದೂ ಉಂಟು.

ಒಳಗಿನವರನ್ನು ಹಿಡಿದಿಡುವ ಕಲೆಯಲ್ಲಿ ಗಾಂಧೀಜಿಯನ್ನು ಮೀರಿದವರಿಲ್ಲ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಅವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆಯಿತು. ಟಿಳಕವಾಡಿಯಲ್ಲಿ ಆಗ ತೋಡಿದ ಬಾವಿ ಈಗಲೂ ಇದೆ, ಜನ ಅದನ್ನು ಕಾಂಗ್ರೆಸ್ ಬಾವಿ ಅನ್ನುತ್ತಾರೆ. ಆ ಅಧಿವೇಶನ ಒಪ್ಪಿದ ಒಂದು ನಿಯಮ ನಮ್ಮ ಪಾಠಕ್ಕೆ ಬೇಕು: ಕಾಂಗ್ರೆಸ್ ಸದಸ್ಯರಾಗಲು ನಾಲ್ಕಾಣೆ ಚಂದಾ ಬದಲು ತಿಂಗಳಿಗೆ 2000 ಗಜ ನೂಲು ಕೊಡಬೇಕು. ಹಣ ಕೊಟ್ಟವನು ಮರುಕ್ಷಣ ಮರೆಯುತ್ತಾನೆ. ದಿನಾ ಅರ್ಧ ತಾಸು ನೂಲುವವನು ತಾನು ಯಾರು, ಯಾವ ಕಡೆಯವನು ಎಂದು ದಿನಾ ತನಗೆ ತಾನೇ ಹೇಳಿಕೊಳ್ಳುತ್ತಾನೆ. ನಿಯಮ ಬಹಳ ಕಾಲ ಬಾಳಲಿಲ್ಲ, ಸ್ವರಾಜ್ಯ ಪಕ್ಷದವರಿಗೆ ಅದು ಮೊದಲಿನಿಂದಲೂ ಅಷ್ಟಕ್ಕಷ್ಟೇ. ಆದರೂ ಹತ್ತಿರದ ಹುದಲಿಯಲ್ಲಿ ಗಂಗಾಧರರಾವ್ ದೇಶಪಾಂಡೆಯವರು ಬೆಳೆಸಿದ ಖಾದಿ ಕೆಲಸವನ್ನು ನೋಡಿದರೆ ಆ ಉಪಾಯದ ಬೇರು ಎಷ್ಟು ಆಳಕ್ಕೆ ಇಳಿದಿತ್ತು ಎಂದು ತಿಳಿಯುತ್ತದೆ. ಇಂದು ಮೊದಲು ಒಂದು ಸಹಿ ಕೇಳಿ, ಆಮೇಲೆ ಒಂದು ಸಭೆಗೆ ಕರೆದು, ಆಮೇಲೆ ಬೆಂಗಳೂರು ಚಲೋಗೆ ಬಸ್ಸು ಹತ್ತಿಸುವ ಸಂಘಟಕರೂ ಇದೇ ದಾರಿಯವರು.

ಈ ಸೀಮೆಯ ದೊಡ್ಡ ಪಾಠ ಮಹದಾಯಿಯದು. ಅದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡೋಣ.

ಮಹದಾಯಿ ನದಿ ಹುಟ್ಟುವುದು ಖಾನಾಪುರ ತಾಲ್ಲೂಕಿನ ದೇಗಾಂವ ಬಳಿ. ಕಳಸಾ ನಾಲೆ ಇರುವ ಕಣಕುಂಬಿಯೂ ಇದೇ ತಾಲ್ಲೂಕು, ಮಲಪ್ರಭಾ ಹುಟ್ಟುವುದೂ ಅಲ್ಲೇ. ಒಂದು ನೀರು ಪಶ್ಚಿಮಕ್ಕೆ ಗೋವೆಯತ್ತ ಇಳಿಯುತ್ತದೆ, ಇನ್ನೊಂದು ಪೂರ್ವಕ್ಕೆ ಸವದತ್ತಿಯ ನವಿಲುತೀರ್ಥ ಅಣೆಕಟ್ಟಿನತ್ತ ಹರಿಯುತ್ತದೆ. ಪಶ್ಚಿಮದ ನೀರಿನಲ್ಲಿ ಒಂದಿಷ್ಟನ್ನು ಪೂರ್ವಕ್ಕೆ ತಿರುಗಿಸುವುದೇ ಕಳಸಾ-ಬಂಡೂರಿ ಯೋಜನೆ. ಕರ್ನಾಟಕ ಕೇಳಿದ್ದು 7.56 ಟಿಎಂಸಿ. ನೀರಿನ ಊರು ಖಾನಾಪುರವಾದರೂ ಹೋರಾಟದ ಊರು ನರಗುಂದ. 2015ರ ಜುಲೈ 16ರಂದು ಅಲ್ಲಿ ಶುರುವಾದ ಧರಣಿ ವರ್ಷಗಟ್ಟಲೆ ನಡೆಯಿತು.

ನರಗುಂದವೇ ಯಾಕೆ? ಮಲಪ್ರಭಾ ಕಾಲುವೆ ಪ್ರದೇಶದ ರೈತರ ಮೇಲೆ ಸುಧಾರಣಾ ಕರ ಹೇರಿದ್ದಕ್ಕೆ 1980ರ ಜುಲೈ 21ರಂದು ನರಗುಂದ-ನವಲಗುಂದ ಬಂಡೆದ್ದಿತ್ತು, ಪೊಲೀಸರ ಗುಂಡಿಗೆ ರೈತರು ಬಲಿಯಾಗಿದ್ದರು. ಪ್ರತಿ ವರ್ಷ ಆ ದಿನ ನರಗುಂದದಲ್ಲಿ ರೈತನ ವೀರಗಲ್ಲಿಗೆ ಹಾರ ಬೀಳುತ್ತದೆ. ಜುಲೈ 16ಕ್ಕೆ ಧರಣಿ ಕೂತರೆ ಐದೇ ದಿನಕ್ಕೆ ರಾಜ್ಯದ ಎಲ್ಲ ಬಣಗಳ ರೈತ ನಾಯಕರು ಆ ಊರಿಗೆ ಬಂದೇ ಬರುತ್ತಾರೆ. ಹೋರಾಟದಲ್ಲಿ ಪಳಗಿದವರು ಪಂಚಾಂಗ ನೋಡುವುದು ಹೀಗೆ, ಇದು ಮೊದಲ ಉಪಾಯ.

ಎರಡನೆಯ ಉಪಾಯ ಮಾತಿನ ಚೌಕಟ್ಟು. ಮಲಪ್ರಭೆ ಬತ್ತಿದ್ದರಿಂದ ರೈತನಿಗೆ ಬೇಕಾದದ್ದು ಹೊಲಕ್ಕೆ ನೀರು. ಆದರೆ ವೇದಿಕೆಯ ಮೇಲೂ ಫಲಕದ ಮೇಲೂ ಮೊದಲು ಬಂದದ್ದು 'ಕುಡಿಯುವ ನೀರು'. ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೆ ನೀರು ಎಂದಾಗ ಹೊಲವಿಲ್ಲದ ಗುಮಾಸ್ತ, ವಿದ್ಯಾರ್ಥಿ, ವ್ಯಾಪಾರಿ ಎಲ್ಲರೂ ಜೊತೆಯಾದರು. ರಾಷ್ಟ್ರೀಯ ಜಲನೀತಿ ಕುಡಿಯುವ ನೀರಿಗೆ ಮೊದಲ ಆದ್ಯತೆ ಕೊಡುವುದರಿಂದ ಮಹದಾಯಿ ಜಲವಿವಾದ ನ್ಯಾಯಾಧಿಕರಣದ ಮುಂದೆ ವಾದಿಸಲೂ ಅದೇ ಗಟ್ಟಿ. ಇದರಲ್ಲಿ ಸುಳ್ಳಿಲ್ಲ, ಬಾಯಾರಿಕೆಯೂ ನಿಜವೇ. ಎರಡು ನಿಜಗಳಲ್ಲಿ ಯಾವುದನ್ನು ಮುಂದೆ ನಿಲ್ಲಿಸುವುದು ಎಂಬ ಆಯ್ಕೆ ಅದು. ಗೋವೆಯವರೂ ಸುಮ್ಮನಿರಲಿಲ್ಲ. ಅಲ್ಲಿನ ಮಹದಾಯಿ ಬಚಾವೋ ಅಭಿಯಾನ ಮತ್ತು ರಾಜಕಾರಣಿಗಳು ನದಿಯನ್ನು ತಾಯಿ ಎಂದು ಕರೆದರು. ತಾಯಿಯ ವಿಷಯ ಬಂದ ಮೇಲೆ ಟಿಎಂಸಿ ಲೆಕ್ಕ ಹೇಳಿದರೆ ಕೇಳುವವರು ಯಾರು? ಒಂದು ಕಡೆ ಬಾಯಾರಿದ ಮಕ್ಕಳು, ಇನ್ನೊಂದು ಕಡೆ ತಾಯಿ. ಇಬ್ಬರೂ ಹಿಂದೆ ಸರಿಯಲಾಗದ ಹಾಗೆ ಮಾತಿನ ಬೇಲಿ ಎದ್ದುಬಿಟ್ಟಿತು. ಚೌಕಟ್ಟು ಬಲವಾದಷ್ಟೂ ರಾಜಿ ಕಷ್ಟ, ಇದು ಹೊಸಬರಿಗೆ ಯಾರೂ ಹೇಳದ ಸಂಗತಿ.

ಮೂರನೆಯದು ಎರವಲು ತಂದ ಮುಖಗಳು. 2015ರ ಸೆಪ್ಟೆಂಬರಿನಲ್ಲಿ ಶಿವರಾಜಕುಮಾರ್ ಮುಂದಾಳತ್ವದಲ್ಲಿ ಕನ್ನಡ ಚಿತ್ರರಂಗ ಹುಬ್ಬಳ್ಳಿಗೆ ಬಂತು. ಎರಡು ತಿಂಗಳಿಂದ ಧೂಳಿನಲ್ಲಿ ಕೂತ ರೈತರತ್ತ ತಿರುಗದ ಕ್ಯಾಮೆರಾಗಳೆಲ್ಲ ಒಂದೇ ದಿನದಲ್ಲಿ ತಿರುಗಿದವು. ಕನ್ನಡಕ್ಕೆ ಆದ್ಯತೆ ಕೇಳಿದ ಗೋಕಾಕ್ ಚಳವಳಿಗೆ 1982ರಲ್ಲಿ ರಾಜಕುಮಾರ್ ಇಳಿದಾಗ ಆದದ್ದೂ ಇದೇ. ಧಾರವಾಡದ ಸಾಹಿತಿಗಳು ಹೊತ್ತಿಸಿದ ಬೆಂಕಿ ರಾಜ್ಯಕ್ಕೆಲ್ಲ ಹಬ್ಬಿತು. ಆದರೆ ನಟರು ಸಂಜೆಗೆ ಹೊರಟುಹೋಗುತ್ತಾರೆ, ಕ್ಯಾಮೆರಾಗಳೂ ಅವರ ಹಿಂದೆಯೇ ಹೊರಡುತ್ತವೆ.

ಆಮೇಲೆ ಬಂದದ್ದು 2016ರ ಜುಲೈ. 27ರಂದು ನ್ಯಾಯಾಧಿಕರಣ ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿತು. ನವಲಗುಂದದಲ್ಲಿ ಸಿಟ್ಟು ಸ್ಫೋಟಗೊಂಡು ಸರಕಾರಿ ಕಚೇರಿಗಳ ಮೇಲೆ ದಾಳಿಯಾಯಿತು. ಆ ಒಂದು ದಿನ ನೋಡುಗರ ಮನಸ್ಸು ರೈತರಿಂದ ದೂರ ಸರಿಯತೊಡಗಿತ್ತು. ಅಷ್ಟರಲ್ಲಿ ಪೊಲೀಸರು ಹತ್ತಿರದ ಯಮನೂರಿನಲ್ಲಿ ಮನೆಗಳಿಗೆ ನುಗ್ಗಿ ಹೆಂಗಸರು, ಮುದುಕರೆನ್ನದೆ ಹೊಡೆದದ್ದು ಟೀವಿಯಲ್ಲಿ ಬಂತು. ತೂಕ ಮತ್ತೆ ರೈತರ ಕಡೆ ವಾಲಿತು. 30ರಂದು ರಾಜ್ಯ ಬಂದ್ ಆಯಿತು. ಪೆಟ್ಟು ಕೊಟ್ಟವರಿಗಿಂತ ಪೆಟ್ಟು ತಿಂದವರ ಮಾತನ್ನು ಜನ ಹೆಚ್ಚು ನಂಬುತ್ತಾರೆ. ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ ಎಂಬ ಸಂಶೋಧಕರು 1900ರಿಂದ 2006ರವರೆಗೆ ಜಗತ್ತಿನಾದ್ಯಂತ ನಡೆದ 323 ದೊಡ್ಡ ಹೋರಾಟಗಳನ್ನು ಹೋಲಿಸಿದ್ದಾರೆ. ಅಹಿಂಸಾತ್ಮಕವಾದವು ಶೇ. 53ರಷ್ಟು ಗೆದ್ದಿದ್ದವು, ಹಿಂಸಾತ್ಮಕವಾದವು ಶೇ. 26. ಅವರು ನೋಡಿದ್ದು ಸರಕಾರ ಉರುಳಿಸುವ, ದೇಶ ಬಿಡಿಸಿಕೊಳ್ಳುವಂಥ ಹೋರಾಟಗಳನ್ನು, ಕಾಲುವೆ ನೀರಿನ ಧರಣಿಗಳನ್ನಲ್ಲ. ಆದರೂ ಕಾರಣ ಇಲ್ಲಿಗೂ ಹೊಂದುತ್ತದೆ: ಕಲ್ಲು ತೂರಾಟಕ್ಕೆ ಅಜ್ಜಿ ಬರುವುದಿಲ್ಲ, ಧರಣಿಗೆ ಬರುತ್ತಾಳೆ.

ಕೊನೆಗೆ 2018ರ ಆಗಸ್ಟ್ 14ರ ತೀರ್ಪಿನಲ್ಲಿ ಕಳಸಾ-ಬಂಡೂರಿಯಿಂದ ತಿರುಗಿಸಲು ಸಿಕ್ಕಿದ್ದು 3.9 ಟಿಎಂಸಿ. ಕೇಳಿದ್ದರ ಅರ್ಧದಷ್ಟು. ಇದು ಚಳವಳಿಯ ಗೆಲುವೋ ವಕೀಲರದ್ದೋ ಎಂದು ಹೇಳುವುದು ಕಷ್ಟ. ನ್ಯಾಯಾಧಿಕರಣಗಳು ಘೋಷಣೆ ಕೇಳುವುದಿಲ್ಲ, ನಿಜ. ಆದರೆ ಧರಣಿ ಇಲ್ಲದಿದ್ದರೆ ಆ ಕಡತವನ್ನು ಸರಕಾರಗಳು ಇಷ್ಟು ಬಿಗಿಯಾಗಿ ಹಿಡಿಯುತ್ತಿದ್ದವೇ ಎಂಬುದು ನನ್ನ ಅನುಮಾನ.

ಮಹದಾಯಿ ಗದ್ದಲದ ಪಾಠವಾದರೆ, ಹಾನಗಲ್ ತಾಲ್ಲೂಕಿನ ಕುಸನೂರು ಅಚ್ಚುಕಟ್ಟಿನ ಪಾಠ. 1980ರ ದಶಕದಲ್ಲಿ ಸರಕಾರ ಹಳ್ಳಿಗರ ಗೋಮಾಳ, ಸಿ ಮತ್ತು ಡಿ ದರ್ಜೆಯ ಭೂಮಿಯನ್ನು ನೀಲಗಿರಿ ಬೆಳೆಸಲು ಕಾರ್ಖಾನೆಯೊಂದರ ಪಾಲುದಾರಿಕೆಯ ಕಂಪನಿಗೆ ಕೊಟ್ಟಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮೊದಲು ಸಹಿ ಸಂಗ್ರಹಿಸಿತು, ಸುಪ್ರೀಂ ಕೋರ್ಟಿಗೆ ಹೋಯಿತು, ಆಮೇಲೆ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಸತ್ಯಾಗ್ರಹ ನಡೆಸಿತು. ಹೆಸರು ಕಿತ್ತಿಕೊ-ಹಚ್ಚಿಕೊ. ಮೊದಲೇ ದಿನಾಂಕ ಸಾರಿ, ಬಂದವರಿಗೆ ಶಿಸ್ತು ಹೇಳಿಕೊಟ್ಟು, ನೀಲಗಿರಿ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತರು, ಅದೇ ನೆಲದಲ್ಲಿ ಹಳ್ಳಿಗೆ ಬೇಕಾದ ಮರಗಳ ಸಸಿ ಹಚ್ಚಿದರು. ಕೀಳುವುದು ಮಾತ್ರ ಇದ್ದಿದ್ದರೆ ಅದು ಕಾನೂನು ಮುರಿದವರ ಸುದ್ದಿಯಾಗಿ ಒಳಪುಟದಲ್ಲಿ ಸತ್ತುಹೋಗುತ್ತಿತ್ತು. ಹಚ್ಚಿದ್ದರಿಂದ ನೋಡುಗನಿಗೆ ಇವರು ಏನನ್ನು ಬೇಡ ಅನ್ನುತ್ತಾರೆ, ಏನನ್ನು ಬೇಕು ಅನ್ನುತ್ತಾರೆ ಎರಡೂ ಒಂದೇ ಚಿತ್ರದಲ್ಲಿ ಸಿಕ್ಕಿತು. ನಾನು ಕಂಡ, ಓದಿದ ಎಲ್ಲ ಚಳವಳಿಗಳಲ್ಲಿ ಇಷ್ಟು ಚೆಂದಾಗಿ ಹೊಲಿದ ಕಾರ್ಯಕ್ರಮ ಇನ್ನೊಂದಿಲ್ಲ. ಕೆಲವೇ ವರ್ಷಗಳಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು.

ಬೆಳಗಾವಿ ಪೇಟೆಗೆ ಬನ್ನಿ. ಒಂದೇ ದಿನಾಂಕವನ್ನು ಎರಡು ಗುಂಪುಗಳು ಹೇಗೆ ಬಳಸುತ್ತವೆ ಎಂದು ನೋಡಬೇಕಾದರೆ ನವೆಂಬರ್ 1ಕ್ಕೆ ಇಲ್ಲಿಗೆ ಬರಬೇಕು. ಚನ್ನಮ್ಮ ವೃತ್ತದಲ್ಲಿ ರಾಜ್ಯೋತ್ಸವದ ಜನಸಾಗರ. ಇನ್ನೊಂದು ಕಡೆ, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯವರ ಕರಾಳ ದಿನ, ಕಪ್ಪು ಬಟ್ಟೆ, ಮೆರವಣಿಗೆ. ಸಮಿತಿಗೂ ತನ್ನ ಹುತಾತ್ಮರಿದ್ದಾರೆ. 1986ರ ಜೂನ್ 1ರಂದು ಕನ್ನಡ ಕಡ್ಡಾಯದ ವಿರುದ್ಧದ ಹೋರಾಟದಲ್ಲಿ ಗುಂಡಿಗೆ ಬಲಿಯಾದವರಿಗೆ ಹಿಂಡಲಗಾದಲ್ಲಿ ಪ್ರತಿ ವರ್ಷ ನಮನ ನಡೆಯುತ್ತದೆ. ನಂದಗಡಕ್ಕೆ ಹೋಗಿ ಹಾರ ಹಾಕುವವರೂ ಹಿಂಡಲಗಾಕ್ಕೆ ಹೋಗುವವರೂ ಪರಸ್ಪರ ಮುಖ ನೋಡದಿರಬಹುದು, ಆದರೆ ಇಬ್ಬರ ಪಟ್ಟೂ ಒಂದೇ ಗರಡಿಯದು. ಕನ್ನಡಿಗನಾಗಿ ನನ್ನ ಪಕ್ಷ ಯಾವುದು ಎಂದು ಬೇರೆ ಹೇಳಬೇಕಿಲ್ಲ. ಆದರೆ ವಿದ್ಯಾರ್ಥಿಯಾಗಿ ನೋಡುವಾಗ ಎದುರಾಳಿಯ ಉಪಾಯವನ್ನು ಪುಂಡಾಟ, ನಮ್ಮದನ್ನು ತ್ಯಾಗ ಎಂದು ಬರೆದುಕೊಂಡರೆ ಏನೂ ಕಲಿಯಲಾಗುವುದಿಲ್ಲ.

ಬೆಳಗಾವಿಯಿಂದ ಖಾನಾಪುರದ ರಸ್ತೆ ಹಿಡಿದರೆ ಪೀರನವಾಡಿ ಸಿಗುತ್ತದೆ. 2020ರ ಆಗಸ್ಟ್ ಕೊನೆಯ ವಾರ ಅಲ್ಲಿ ಶಿವಾಜಿ ಪ್ರತಿಮೆಯ ಬಳಿ ರಾತ್ರೋರಾತ್ರಿ ರಾಯಣ್ಣನ ಪ್ರತಿಮೆ ಎದ್ದು ನಿಂತಿತು. ಮರುದಿನ ಗಲಾಟೆ, ಲಾಠಿ. ಕೊನೆಗೆ ವೃತ್ತಕ್ಕೆ ಶಿವಾಜಿ ಹೆಸರು, ರಾಯಣ್ಣನ ಪ್ರತಿಮೆ ಅಲ್ಲೇ ಇರಲಿ ಎಂಬ ಒಪ್ಪಂದವಾಯಿತು. ರಾತ್ರಿ ಪ್ರತಿಮೆ ನಿಲ್ಲಿಸುವುದು ಮನವೊಲಿಸುವ ತಂತ್ರ ಹೌದೋ ಅಲ್ಲವೋ? ಕೆಲಸ ಮೊದಲು, ಮಾತುಕತೆ ಆಮೇಲೆ ಎಂಬ ಲೆಕ್ಕ ಅದು. ನಿಂತ ಪ್ರತಿಮೆಯನ್ನು ತೆಗೆಸುವ ಧೈರ್ಯ ಯಾವ ಸರಕಾರಕ್ಕೂ ಇರುವುದಿಲ್ಲ ಎಂದು ನಿಲ್ಲಿಸಿದವರಿಗೆ ಗೊತ್ತು. ಇಲ್ಲಿ ಯಾರೂ ಯಾರ ಮನವನ್ನೂ ಒಲಿಸಿಲ್ಲ, ಬೇರೆ ದಾರಿ ಇಲ್ಲದಂತೆ ಮಾಡಿದ್ದಾರೆ. ಮುಖಕ್ಕೆ ಮಸಿ ಬಳಿಯುವುದು, ಬಂದ್ ದಿನ ಒಲ್ಲದ ಅಂಗಡಿಯವನ ಶಟರ್ ಎಳೆಸುವುದು ಇದೇ ಜಾತಿಗೆ ಸೇರಿದವು. 2021ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಿದ್ದ ಬೆನ್ನಿಗೇ ಬೆಳಗಾವಿಯ ಅನಗೋಳದಲ್ಲಿ ರಾಯಣ್ಣನ ಪ್ರತಿಮೆಯನ್ನು ವಿರೂಪಗೊಳಿಸಿದರು. ಇಂಥವು ಎರಡೂ ಕಡೆಯ ಗಟ್ಟಿಗರಿಗೆ ಹುರುಪು ತರುತ್ತವೆ. ಬಸ್ಸಿನ ಕಿಟಕಿಯಲ್ಲಿ ಕೂತ ಮೂರನೆಯವನು ಕಿಟಕಿ ಮುಚ್ಚಿಕೊಳ್ಳುತ್ತಾನೆ.

ನಗೆಯನ್ನು ಬಿಟ್ಟು ಮುಂದೆ ಹೋಗಲಾಗದು. ಕತ್ತೆ ಮೆರವಣಿಗೆ, ಅಣಕು ಶವಯಾತ್ರೆ, ರಸ್ತೆ ಗುಂಡಿಯಲ್ಲಿ ಭತ್ತದ ನಾಟಿ, ಕಚೇರಿ ಬಾಗಿಲಿಗೆ ಪೂಜೆ ನಮ್ಮಲ್ಲಿ ಹಳೆಯವು. ವಾಟಾಳ್ ನಾಗರಾಜ್ ಇದರಲ್ಲಿ ಒಂದು ಘರಾನೆಯನ್ನೇ ಕಟ್ಟಿದರು. ಜನ ನಕ್ಕು ಫೋಟೊ ನೋಡುತ್ತಾರೆ, ಪತ್ರಿಕೆ ಅಚ್ಚು ಮಾಡುತ್ತದೆ, ಪೊಲೀಸರಿಗೆ ನಗುವವನ ಮೇಲೆ ಲಾಠಿ ಎತ್ತುವುದು ಮುಜುಗರ. ತೊಡಕೂ ಇದೆ: ಹತ್ತನೇ ಕತ್ತೆಯನ್ನು ನೋಡುವಾಗ ಜನಕ್ಕೆ ಕತ್ತೆ ನೆನಪಿರುತ್ತದೆ, ಬೇಡಿಕೆ ಮರೆತುಹೋಗಿರುತ್ತದೆ. ಅಮೆರಿಕದ ಜೀನ್ ಶಾರ್ಪ್ 1973ರಲ್ಲಿ ಅಹಿಂಸಾ ಹೋರಾಟದ 198 ಬಗೆಗಳನ್ನು ಪಟ್ಟಿ ಮಾಡಿದ್ದ. ನಮ್ಮ ಉರುಳುಸೇವೆ, ಬಾರುಕೋಲು ಚಳವಳಿ, ಬಾಯಿ ಬಡಕೊಳ್ಳುವುದನ್ನೆಲ್ಲ ಕಂಡಿದ್ದರೆ ಪಟ್ಟಿ ಇನ್ನೂ ಬೆಳೆಯುತ್ತಿತ್ತೇನೋ.

ಚಳಿಗಾಲ ಬಂದರೆ ಬೆಳಗಾವಿಯ ಸುವರ್ಣ ವಿಧಾನಸೌಧದ ಬಳಿ ಟೆಂಟುಗಳ ಊರೇ ಏಳುತ್ತದೆ. 2012ರಲ್ಲಿ ಕಟ್ಟಡ ಉದ್ಘಾಟನೆಯಾದ ಮೇಲೆ ಅಧಿವೇಶನದ ಹತ್ತು ದಿನ ಪ್ರತಿಭಟನೆಗೂ ಒಂದು ಜಾತ್ರೆಯ ರೂಪ ಬಂದಿದೆ. ಅಂಗನವಾಡಿಯವರು, ಅತಿಥಿ ಉಪನ್ಯಾಸಕರು, ಕಬ್ಬು ಬೆಳೆಗಾರರು, ಮೀಸಲಾತಿ ಕೇಳುವವರು ಸಾಲಾಗಿ ಕೂತಿರುತ್ತಾರೆ. ಹೊಸಬರಿಗೆ ನನ್ನ ಸಲಹೆ, ಒಂದು ದಿನ ಅಲ್ಲಿ ಸುಮ್ಮನೆ ತಿರುಗಾಡಿ. ಯಾವ ಟೆಂಟಿನ ಫಲಕದಲ್ಲಿ ಒಂದೇ ಬೇಡಿಕೆ ಇದೆ, ಯಾವುದರಲ್ಲಿ ಹದಿನೆಂಟಿವೆ ನೋಡಿ. ಮಂತ್ರಿ ಬಂದು ಮನವಿ ತಗೊಂಡು 'ಪರಿಶೀಲಿಸುತ್ತೇವೆ' ಅಂದಾಗ ಯಾರು ಚಪ್ಪಾಳೆ ತಟ್ಟಿ ಟೆಂಟ್ ಬಿಚ್ಚುತ್ತಾರೆ, ಯಾರು 'ದಿನಾಂಕ ಹೇಳ್ರಿ' ಅನ್ನುತ್ತಾರೆ ಎಂದು ಗಮನಿಸಿ. ಸರಕಾರಕ್ಕೂ ಮನವೊಲಿಸುವ ಕಲೆ ಗೊತ್ತು. ಮನವಿಯನ್ನು ಮುಗುಳ್ನಗೆಯಿಂದ ಸ್ವೀಕರಿಸುವುದು ಅದರ ಹಳೆಯ ಪಟ್ಟು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಜನ ಇರುವವರ ಮಾತಾಯಿತು. ಜನವೇ ಇಲ್ಲದವರು ಏನು ಮಾಡಬೇಕು? ಕಣಕುಂಬಿ ಕಡೆಯ ಹಳ್ಳಿಗಳು ಚಿಕ್ಕವು, ಕಾಡಿನ ನಡುವೆ ಚದುರಿದವು. ಪಕ್ಕದಲ್ಲೇ ಭೀಮಗಡ ವನ್ಯಧಾಮ, 2011ರಲ್ಲಿ ಘೋಷಣೆಯಾದದ್ದು. ನೀರು ತಿರುಗಿಸಿದರೆ ಕಾಡು ಸೊರಗುತ್ತದೆ, ಕಾಡು ಸೊರಗಿದರೆ ಮಲಪ್ರಭೆಯೇ ಬತ್ತುತ್ತದೆ ಎನ್ನುವವರು ಖಾನಾಪುರ-ಬೆಳಗಾವಿಯಲ್ಲಿ ಇದ್ದಾರೆ. ಅವರಿಗೆ ವೀರಗಲ್ಲಿಲ್ಲ, ಹುತಾತ್ಮರ ದಿನಾಚರಣೆಯಿಲ್ಲ, ನಟರು ಬಂದಿಲ್ಲ, ಮತಗಳ ಲೆಕ್ಕದಲ್ಲೂ ಅವರು ಕಡಿಮೆ. ನರಗುಂದದ ವೇದಿಕೆಯಿಂದ ನೋಡಿದರೆ ಅವರು ಗೋವೆಯ ಪಕ್ಷದವರ ಹಾಗೆ ಕಾಣುತ್ತಾರೆ, ಹಾಗೆ ಕರೆಸಿಕೊಳ್ಳುವ ಭಯ ಅವರಿಗೂ ಇದೆ. ಆದ್ದರಿಂದ ಅವರ ದಾರಿ ಬೇರೆ: ಮಳೆ ಮಾಪನದ ಅಂಕಿಗಳು, ಹುಲಿ ಓಡಾಡುವ ಕಾರಿಡಾರಿನ ನಕ್ಷೆ, ಅರಣ್ಯ ಅನುಮತಿಯ ಕಡತದ ಮೇಲೆ ಆಕ್ಷೇಪಣೆ. ಕೇಂದ್ರ ಜಲ ಆಯೋಗ 2022ರ ಡಿಸೆಂಬರಿನಲ್ಲಿ ಯೋಜನೆಯ ಪರಿಷ್ಕೃತ ವರದಿಯನ್ನು ಒಪ್ಪಿದ ಮೇಲೂ ವನ್ಯಜೀವಿ ಅನುಮತಿಯ ಹಂತದಲ್ಲಿ ಅದು ಎಳೆದಾಡುತ್ತ ಬಂದಿದೆ. ಇವರ ಧ್ವನಿವರ್ಧಕವಿಲ್ಲದ ಮಾತನ್ನು ಕೇಳಬೇಕಾದ ಮೂರನೆಯವರು ದೆಹಲಿಯ ಒಂದು ಸಭೆಯಲ್ಲಿ ಮೇಜಿನ ಸುತ್ತ ಕೂತ ಕೆಲವೇ ಮಂದಿ. ಅಲ್ಲಿಗೆ ತಲುಪಿಸಲು ಯಾವ ತಂತ್ರ ಬೇಕು, ಅದನ್ನು ನರಗುಂದದ ರೈತನ ಸಿಟ್ಟಿಗೆ ಗುರಿಯಾಗದೆ ಮಾಡುವುದು ಹೇಗೆ ಎಂದು ಇನ್ನೂ ಯಾರಿಗೂ ಪೂರ್ತಿ ಹೊಳೆದಿಲ್ಲ. ನಿಮ್ಮಲ್ಲಿ ಯಾರಾದರೂ ಖಾನಾಪುರದವರಿದ್ದರೆ ಯೋಚಿಸಿ ನೋಡಿ.